ಏಳು ಚಪ್ಪರಕ್ಕೆ ಒಂದೇ ಹಲಗೆ

ಶಿವಮೊಗ್ಗದಲ್ಲಿ ಹೊಳೆಗೆ ಇಳಿಯುವ ದಾರಿಯ ಎರಡೂ ಮಗ್ಗುಲಿಗೆ ಆಗ ಏಳು ಚಪ್ಪರಗಳಿದ್ದವು. ಐದರಲ್ಲಿ ಬಡಗಿಗಳು, ಎರಡರಲ್ಲಿ ಕಮ್ಮಾರರು. ಏಳೂ ಕಡೆ ಒಂದೇ ಕೆಲಸ: ಎತ್ತಿನ ಗಾಡಿಯ ಗಾಲಿ. ಬೆಳಗಾದರೆ ಬಾಚಿಯ ಸದ್ದು, ಸುತ್ತಿಗೆಯ ಸದ್ದು, ಅದರ ಮೇಲೆ ನಮ್ಮ ಜಗಳದ ಸದ್ದು. ನಾವು ಗಿರಾಕಿಗಾಗಿ ಜಗಳ ಆಡುತ್ತಿದ್ದೆವು, ಜಾಲಿ ಮರದ ದಿಮ್ಮಿಗಾಗಿ ಆಡುತ್ತಿದ್ದೆವು, ಒಬ್ಬರ ಕೋಳಿ ಇನ್ನೊಬ್ಬರ ಹೊಟ್ಟಿನ ರಾಶಿ ಕೆದಕಿತು ಅಂತಲೂ ಆಡುತ್ತಿದ್ದೆವು. ಆದರೆ ಗಾಲಿಯ ಅಳತೆಯ ವಿಷಯದಲ್ಲಿ ಮಾತ್ರ ಏಳು ಚಪ್ಪರಕ್ಕೂ ಒಂದೇ ಮಾತು.

ಯಾಕೆ ಅಂತ ಹೇಳುತ್ತೇನೆ. ಹೊನ್ನಾಳಿ ಕಡೆಯಿಂದ ಭತ್ತ ಹೇರಿಕೊಂಡು ಬಂದವನ ಗಾಲಿ ನಮ್ಮೂರಲ್ಲಿ ಮುರಿಯಿತು ಅನ್ನಿ. ಅವನು ಯಾವ ಚಪ್ಪರದ ಮುಂದೆ ಎತ್ತು ಬಿಚ್ಚಿದರೂ ಅಲ್ಲಿ ಮಾಡಿಟ್ಟ ಗಾಲಿ ಅವನ ಗಾಡಿಯ ಅಚ್ಚಿಗೆ ಸರಿಯಾಗಿ ಕೂರಬೇಕು. ಬಡಗಿ ಮಾಡಿದ ಚಕ್ರಕ್ಕೆ ಯಾವ ಕಮ್ಮಾರ ಬಡಿದ ಕಬ್ಬಿಣದ ಪಟ್ಟಾ ಆದರೂ ಹತ್ತಬೇಕು. ಹಾಗೆ ಆಗಬೇಕಾದರೆ ಎಲ್ಲರ ಅಳತೆಯೂ ಒಂದೇ ಇರಬೇಕಲ್ಲ. ಆ ಅಳತೆ ಇದ್ದದ್ದು ಒಂದು ಬೀಟೆ ಮರದ ಹಲಗೆಯ ಮೇಲೆ. ನಾಲ್ಕು ಮೊಳ ಉದ್ದದ, ಕಪ್ಪಗೆ ಮಿರುಗುವ ಹಲಗೆ. ಗಾಲಿಯ ನಡುವಿನ ಗುಂಭ ಎಷ್ಟು ದಪ್ಪ, ಅದರ ತೂತು ಎಷ್ಟು ಅಗಲ, ಅರಗಳು ಎಷ್ಟು ಉದ್ದ, ಎಲ್ಲವನ್ನೂ ಅದರ ಮೇಲೆ ಗೆರೆ ಕೊರೆದು ಇಟ್ಟಿದ್ದರು. ಓದು ಬರಹ ಬಂದವರು ನಮ್ಮಲ್ಲಿ ಇಬ್ಬರೋ ಮೂವರೋ. ಹಲಗೆ ಓದಲು ಬಾರದವನು ಒಬ್ಬನೂ ಇರಲಿಲ್ಲ.

ಹಲಗೆ ಹಿರಿಯ ಕಮ್ಮಾರರ ಕುಲುಮೆಯಲ್ಲಿ ಇರುತ್ತಿತ್ತು. ಅವರನ್ನು ನಾವೆಲ್ಲ ಯಜಮಾನರು ಅನ್ನುತ್ತಿದ್ದೆವು. ಅದರ ಮೇಲಿನ ಒಂದು ಗೆರೆ ಬದಲಿಸಬೇಕಾದರೂ ಯಜಮಾನರೊಬ್ಬರ ಕೈಯಲ್ಲಿ ಆಗುತ್ತಿರಲಿಲ್ಲ. ಬದಲಾವಣೆ ಬೇಕು ಅಂದವನು ಒಂದು ತಿಂಗಳು ಮುಂಚೆ ಏಳು ಚಪ್ಪರಕ್ಕೂ ಹೋಗಿ, ಮಾದರಿ ಗಾಲಿ ತೋರಿಸಿ, ಹೀಗೆ ಹೀಗೆ ಅಂತ ಹೇಳಬೇಕು. ವಿಜಯದಶಮಿ ಆದ ಮಾರನೆಯ ದಿನ, ಪೂಜೆಗಿಟ್ಟ ಹತ್ಯಾರಗಳನ್ನು ಎತ್ತಿಕೊಂಡು ಏಳು ಜನ ಕುಲುಮೆಯಲ್ಲಿ ಸೇರಬೇಕು. ಒಪ್ಪಿದವನು ಹಲಗೆಯ ಮೇಲೆ ಕೈ ಇಡುತ್ತಾನೆ. ಏಳು ಕೈ ಬಿದ್ದರೆ ಯಜಮಾನರು ಉಳಿ ತೆಗೆದುಕೊಂಡು ಹಳೆಯ ಗೆರೆಗೆ ಅಡ್ಡ ಹೊಡೆದು ಹೊಸ ಗೆರೆ ಹಾಕುತ್ತಾರೆ. ಒಬ್ಬನೇ ಒಬ್ಬ ಕೈ ಇಡದಿದ್ದರೂ ಆ ಮಾತು ಮುಂದಿನ ದಸರೆಯವರೆಗೆ ಮಲಗಬೇಕು. ಯಾಕೆ ಇಡಲಿಲ್ಲ ಅಂತ ಅವನನ್ನು ಯಾರೂ ಕೇಳುವ ಹಾಗಿಲ್ಲ. ಆದರೆ ಅದೇ ಮಾತಿಗೆ ಅವನು ಎರಡನೆಯ ಸಲ ಅಡ್ಡ ಬರುವ ಹಾಗೂ ಇಲ್ಲ. ಒಬ್ಬನ ಬೇಡಕ್ಕೆ ಒಂದು ವರ್ಷ, ಅಷ್ಟೇ.

ಇನ್ನೊಂದು ಪದ್ಧತಿ ಇತ್ತು. ಕಾಯಿಲೆ ಕಸಾಲೆಯಿಂದ ಬರಲಾಗದವನು ತನ್ನ ಹತ್ಯಾರ ಕಳಿಸಬಹುದು. ತಂದವನು ಅದನ್ನು ಹಲಗೆಯ ಮೇಲಿಟ್ಟರೆ ಒಪ್ಪಿಗೆ, ಹಲಗೆಯ ಕೆಳಗೆ ನೆಲದ ಮೇಲಿಟ್ಟರೆ ಬೇಡ. ಹತ್ಯಾರ ಕೈಗೆ ಕೊಟ್ಟು ಸುಳ್ಳು ಹೇಳಿಸುವವನು, ಅಥವಾ ತಂದು ಸುಳ್ಳು ಇಡುವವನು ಒಬ್ಬ ಇರಬಹುದು ಅಂತ ಆ ಪದ್ಧತಿ ಮಾಡಿದವರಿಗೆ ಹೊಳೆದೇ ಇರಲಿಲ್ಲ ಅಂತ ಕಾಣುತ್ತದೆ.

ನನಗೆ ಕೆಲಸ ಕಲಿಸಿದವರು ಐದನೆಯ ಚಪ್ಪರದವರು. ರಕ್ತಸಂಬಂಧ ಏನೂ ಇಲ್ಲ, ಆದರೂ ನಾನು ಅವರನ್ನು ಮಾವ ಅನ್ನುತ್ತಿದ್ದೆ. ನನ್ನ ಅಪ್ಪ ತೀರಿಕೊಂಡಾಗ ನಮ್ಮ ಚಪ್ಪರ ಬೀಳದ ಹಾಗೆ ನಿಲ್ಲಿಸಿದವರು ಅವರು. ಮರದ ಮಾತೆಲ್ಲ ನಾನು ಅವರ ಬಾಯಿಂದಲೇ ಕಲಿತದ್ದು. ದಿಮ್ಮಿ ತಟ್ಟಿ "ಇದು ಇನ್ನೂ ಹಸಿ ಮಾರಾಯ, ಒಳಗೆ ಅಳ್ತಾ ಇದೆ, ಕೇಳು" ಅನ್ನುತ್ತಿದ್ದರು. ನಾನು ಕಿವಿ ಇಟ್ಟು ಕೇಳುತ್ತಿದ್ದೆ. ಏನೂ ಕೇಳಿಸುತ್ತಿರಲಿಲ್ಲ. "ಕೇಳ್ತು ಮಾವ" ಅನ್ನುತ್ತಿದ್ದೆ. "ಸುಳ್ಳ!" ಅಂತ ತಲೆಗೊಂದು ಮೊಟಕುತ್ತಿದ್ದರು.

ನಾನು ಹೇಳಲಿರುವ ದಸರೆ ಬರುವ ಹೊತ್ತಿಗೆ ನನ್ನ ಸ್ವಂತ ಕೈ ಹಲಗೆಯ ಮೇಲೆ ಬೀಳಲು ಶುರುವಾಗಿ ಮೂರು ವರ್ಷ ಆಗಿತ್ತು. ಮಾವನ ಎರಡು ಕಣ್ಣಿಗೂ ಪೊರೆ ಬಂದಿತ್ತು. ಇದು ಗೊತ್ತಿದ್ದದ್ದು ನನಗೊಬ್ಬನಿಗೆ, ಮತ್ತೆ ಭದ್ರಾವತಿಗೆ ಕೊಟ್ಟಿದ್ದ ಅವರ ಮಗಳಿಗೆ, ನಾನು ಅಕ್ಕ ಅನ್ನುತ್ತಿದ್ದವಳಿಗೆ. ಬೇರೆ ಯಾರಿಗೂ ಗೊತ್ತಾಗದ ಹಾಗೆ ಅವರು ಕೆಲಸ ಮಾಡುತ್ತಿದ್ದರು. ಹೇಗೆ ಅಂತೀರಾ? ಬೆರಳಿನಿಂದ. ಹಲಗೆಯ ಗೆರೆಗಳನ್ನು ಉಗುರಿನಿಂದ ಎಣಿಸುತ್ತಿದ್ದರು. ಗುಂಭದ ತೂತಿಗೆ ಹೆಬ್ಬೆರಳು ತೋರುಬೆರಳು ಹಾಕಿ ತಿರುಗಿಸಿದರೆ ಅವರಿಗೆ ಅಳತೆ ಗೊತ್ತಾಗುತ್ತಿತ್ತು. ನಲವತ್ತು ವರ್ಷ ಅದೇ ಗಾಲಿ ಮಾಡಿದ ಕೈ ಅದು, ಕಣ್ಣಿನ ಹಂಗು ಬಿಟ್ಟಿತ್ತು. ಯಾರಾದರೂ ಬಂದರೆ ಬೀಡಿ ಹಚ್ಚುವ ನೆಪ ಮಾಡಿ ಕೆಲಸ ನಿಲ್ಲಿಸಿಬಿಡುತ್ತಿದ್ದರು.

ಬದಲಾವಣೆಯ ಮಾತು ತಂದವರು ಎದುರು ಚಪ್ಪರದ ಮುಸಲ್ಮಾನ ಕಮ್ಮಾರರು; ಅವರನ್ನು ನಾವು ಸಾಹೇಬರು ಅನ್ನುತ್ತಿದ್ದೆವು. ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಎದ್ದ ಮೇಲೆ ಅಲ್ಲಿ ಸಣ್ಣ ಸಣ್ಣ ಎರಕದ ಅಂಗಡಿಗಳೂ ಎದ್ದಿದ್ದವು. ಅಂಥ ಒಂದು ಅಂಗಡಿಯ ತಮಿಳು ಮೇಸ್ತ್ರಿಯ ಹತ್ತಿರ ಸಾಹೇಬರು ಎರಕದ ಕೊಳವೆ ನೋಡಿ ಬಂದಿದ್ದರು. ಗುಂಭದ ತೂತಿನೊಳಗೆ ಆ ಕೊಳವೆ ಬಡಿದು ಕೂರಿಸಿದರೆ ಅಚ್ಚು ಮರವನ್ನು ತಿನ್ನುವುದಿಲ್ಲ. ಗಾಲಿ ಎರಡರಷ್ಟು ಕಾಲ ಬಾಳುತ್ತದೆ, ಎತ್ತಿಗೂ ಎಳೆತ ಹಗುರ. ಆದರೆ ತೂತಿನ ಅಳತೆ ಬದಲಾಗಬೇಕು, ಗುಂಭ ಒಂದು ಬೆರಳು ದಪ್ಪ ಆಗಬೇಕು, ಅಚ್ಚು ಬೇರೆ ಬರಬೇಕು.

"ಮಾದರಿ ಗಾಲಿಗೆ ಗುಂಭ ಯಾರು ಕೊರೀತಾರೆ?" ಅಂತ ಸಾಹೇಬರು ಕೇಳಿದಾಗ ನಾನು ಎದೆ ಮುಂದೆ ಮಾಡಿ "ನಾನು" ಅಂದೆ. ಕೊರೆದೆ. ಕೊಳವೆಗೂ ಮರಕ್ಕೂ ನಡುವೆ ಒಂದು ಕೂದಲು ತೂರದ ಹಾಗೆ ಕೊರೆದೆ. ಬೆಳಕಿಗೆ ಹಿಡಿದು ನೋಡಿದರೆ ಸುತ್ತ ಎಲ್ಲೂ ಬೆಳಕು ಕಾಣಬಾರದು, ಅದೇ ಪರೀಕ್ಷೆ. ಸಾಹೇಬರು ನೋಡಿ "ಮಾಶಾ ಅಲ್ಲಾ, ಇವನ ಕೈಗೆ ದೃಷ್ಟಿ ತೆಗೀರಪ್ಪ" ಅಂದರು. ಆ ಗಾಲಿಯನ್ನು ಚಪ್ಪರದಿಂದ ಚಪ್ಪರಕ್ಕೆ ಉರುಳಿಸಿಕೊಂಡು ಹೋದೆವು. ಯಜಮಾನರು ಸುತ್ತಿಗೆಯ ಹಿಡಿಯಿಂದ ತಟ್ಟಿ ತಲೆಯಾಡಿಸಿದರು. ಆ ಒಂದು ತಿಂಗಳು ನಾನು ನೆಲದ ಮೇಲೆ ನಡೆದ ನೆನಪಿಲ್ಲ.

ಮಾವನ ಚಪ್ಪರಕ್ಕೂ ಉರುಳಿಸಿದೆವು. ಅವರು ಗುಂಭದೊಳಗೆ ಬೆರಳು ಹಾಕಿ ತಿರುಗಿಸಿ "ಚೆನ್ನಾಗಿದೆ" ಅಂದರು. ಸಾಹೇಬರು ಹೋದ ಮೇಲೆ ನನ್ನನ್ನು ಕೂರಿಸಿಕೊಂಡು ನಿಧಾನವಾಗಿ ಹೇಳಿದರು:

"ನೋಡು, ಇದು ಬರ್ಬೇಕಾದ್ದೇ. ಬೇಡ ಅನ್ನೋಕೆ ನಾನ್ಯಾರು. ಆದ್ರೆ ಇದಕ್ಕೆ ಕಣ್ಣು ಬೇಕು ಮಾರಾಯ. ಬೆಳಕು ಕಾಣುತ್ತೋ ಇಲ್ವೋ ಅಂತ ನೋಡೋಕೆ ನನಗೆ ಬೆಳಕೇ ಕಾಣಲ್ವಲ್ಲ."

"ಪೊರೆ ತೆಗೆಸಿ ಮಾವ. ಅಕ್ಕ ಹೇಳ್ತಾನೇ ಇದ್ದಾಳಲ್ಲ."

"ತೆಗೆಸ್ತೀನಿ. ಮಗಳಿಗೆ ಮಾತು ಕೊಟ್ಟಿದ್ದೀನಿ. ಒಂದೇ ಸಲ ಎರಡೂ ತೆಗೆಯಲ್ವಂತೆ. ಬೆಂಗಳೂರಿಗೆ ಹೋಗಿ ಸಂಕ್ರಾಂತಿಗೆ ಒಂದು ಕಣ್ಣು, ಅದು ಮಾಗಿದ ಮೇಲೆ ಇನ್ನೊಂದು. ವರ್ಷ ಹಿಡಿಯುತ್ತೆ. ಅಲ್ಲೀವರೆಗೆ ಹಳೇ ಗೆರೆ ಇರ್ಲಿ. ಮುಂದಿನ ದಸರೆಗೆ ನಾನೇ ಬಂದು ಕೈ ಇಡ್ತೀನಿ, ಕಣ್ಣು ಬಿಟ್ಕೊಂಡು."

ವಿಜಯದಶಮಿಯ ಮಾರನೆಯ ಬೆಳಿಗ್ಗೆ ಅವರು ಕುಲುಮೆಗೆ ಬರಲಿಲ್ಲ. ಬಂದರೆ ಹಲಗೆ ಮುಂದಿಟ್ಟು ಗೆರೆ ನೋಡಿ ಅಂತಾರೆ, ಎಲ್ಲರ ಎದುರು ಉಗುರಿನಿಂದ ತಡವಬೇಕಾಗುತ್ತದೆ, ಅದು ಅವರಿಗೆ ಬೇಡವಾಗಿತ್ತು. ಜ್ವರ ಅಂತ ಹೇಳು ಅಂದರು. ಕುಂಕುಮ ಹಚ್ಚಿದ್ದ ಬಾಚಿಯನ್ನು ನನ್ನ ಕೈಗೆ ಕೊಟ್ಟರು. "ಕೆಳಗಿಡು. ಕಾರಣ ಯಾರೂ ಕೇಳಲ್ಲ" ಅಂದರು. ಬಾಗಿಲವರೆಗೆ ಬಂದು ಮತ್ತೆ "ಕೆಳಗೆ" ಅಂದರು.

ನಾನು ಕುಲುಮೆಗೆ ಹೋದಾಗ ಉಳಿದವರೆಲ್ಲ ಬಂದಿದ್ದರು. ನಡುವೆ ಎರಡು ಮಣೆಯ ಮೇಲೆ ಹಲಗೆ. ಅದರ ಪಕ್ಕದಲ್ಲಿ ನನ್ನ ಗುಂಭದ ಗಾಲಿ, ಚೆಂಡು ಹೂವಿನ ಹಾರ ಹಾಕಿಕೊಂಡು ಮದುಮಗನ ಹಾಗೆ ನಿಂತಿತ್ತು. ಎಲ್ಲರೂ ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. "ಹುಡುಗ ಗುರುವನ್ನೇ ಮೀರಿಸ್ದ" ಅಂತ ಯಾರೋ ಅಂದರು. ನನ್ನ ಕೈಯಲ್ಲಿ ಬಾಚಿ ಕಂಡದ್ದೇ ಸಾಹೇಬರು ಎದ್ದು ಬಂದರು.

"ಅರೆ! ಚಾಚಾ ಬಾಚಿ ಕಳಿಸಿದ್ದಾರೆ! ನಾನು ಹೇಳ್ಲಿಲ್ವಾ, ಶಿಷ್ಯನ ಕೆಲಸಕ್ಕೆ ಚಾಚಾ ಇಲ್ಲ ಅಂತಾರಾ?"

ಅಂದವರೇ ನನ್ನ ಕೈಯಿಂದ ಬಾಚಿ ಎತ್ತಿಕೊಂಡು ಹಲಗೆಯ ಮೇಲಿಟ್ಟರು. ಇಟ್ಟು, ಅದರ ಪಕ್ಕದಲ್ಲೇ ತಮ್ಮ ಕೈ ಇಟ್ಟರು. ಆ ಮೇಲೆ ಇನ್ನೊಂದು ಕೈ, ಮತ್ತೊಂದು.

ಇಷ್ಟು ವರ್ಷದಲ್ಲಿ ನಾನು ಆ ಗಳಿಗೆಯನ್ನು ಎಷ್ಟು ಸಲ ತಿರುವಿ ಹಾಕಿದ್ದೇನೋ ಲೆಕ್ಕವಿಲ್ಲ. ಸಾಹೇಬರು ಮೋಸ ಮಾಡಲಿಲ್ಲ. ಅವರು ಖುಷಿಯಲ್ಲಿ ಇಟ್ಟರು. "ಸಾಬ್ರೇ, ಅದು ಕೆಳಗೆ" ಅನ್ನಬೇಕಾದವನು ನಾನು. ಎರಡು ಮಾತು. ಯಾರೂ ಯಾಕೆ ಅಂತ ಕೇಳುತ್ತಿರಲಿಲ್ಲ. ಕೇಳುವ ಹಾಗೇ ಇರಲಿಲ್ಲ. ಮಾವನ ಕಣ್ಣಿನ ಗುಟ್ಟು ಒಡೆಯುತ್ತದೆ ಅಂತ ಸುಮ್ಮನಾದೆ ಅಂತ ನನಗೆ ನಾನೇ ಹೇಳಿಕೊಂಡದ್ದುಂಟು. ಅದು ಸುಳ್ಳು. ಹಾರ ಹಾಕಿಕೊಂಡು ನಿಂತಿದ್ದ ಆ ಗಾಲಿಯನ್ನು ಒಂದು ವರ್ಷ ಮೂಲೆಗೆ ಒರಗಿಸಿಡಲು ನನ್ನ ಮನಸ್ಸು ಒಪ್ಪಲಿಲ್ಲ. ಇದೇ ನಿಜ. ಆರನೆಯ ಕೈ ಬಿತ್ತು. ಎಲ್ಲರೂ ನನ್ನನ್ನು ನೋಡಿದರು. ನಾನು ಕೈ ಇಟ್ಟೆ.

ಯಜಮಾನರು ಉಳಿ ತೆಗೆದುಕೊಂಡು ಹಳೆಯ ಗೆರೆಗೆ ಅಡ್ಡ ಹೊಡೆದರು. ಸಂಕ್ರಾಂತಿ ಆದ ಮೇಲೆ ಹಳೆಯ ಅಳತೆಯ ಗಾಲಿ ಯಾರೂ ಮಾಡಬಾರದು ಅಂತಲೂ ಮಾತಾಯಿತು. ಎರಡು ಅಳತೆ ಬೀದಿಯಲ್ಲಿ ಬೆರೆತರೆ ಗಾಡಿಯವರ ಗತಿ ಏನು? ಸರಿಯಾದ ಮಾತೇ.

ಮಾವನಿಗೆ ಹೇಗೆ ಹೇಳಲಿ ಅಂತ ನಾನು ಹೊಳೆದಂಡೆಯಲ್ಲಿ ಸುತ್ತಾಡಿಕೊಂಡು ಮಧ್ಯಾಹ್ನಕ್ಕೆ ಅವರ ಮನೆಗೆ ಹೋದೆ. ನನಗಿಂತ ಮುಂಚೆ ಯಜಮಾನರು ಅಲ್ಲಿಗೆ ಬಂದು ಕೂತಿದ್ದರು. ಜ್ವರ ಅಂತ ಕೇಳಿ ನೋಡಿಕೊಂಡು ಹೋಗಲು ಬಂದವರು. ಬಾಚಿಯನ್ನು ತಾವೇ ತಂದು ಕೊಟ್ಟಿದ್ದರು.

"ನಿನ್ನ ಬಾಚಿನೇ ಮೊದಲು ಬಿತ್ತು ನೋಡು ಹಲಗೆ ಮೇಲೆ" ಅನ್ನುತ್ತಿದ್ದರು ಯಜಮಾನರು. "ನನಗೆ ಅನುಮಾನ ಇತ್ತು ಕಣಯ್ಯ. ನೀನು ಹಳೇ ಕಾಲದವನು, ಒಂದು ವರ್ಷ ಆಟ ಆಡಿಸ್ತೀಯ ಅಂದ್ಕೊಂಡಿದ್ದೆ. ದೊಡ್ಡ ಮನಸ್ಸು ಮಾಡ್ದೆ."

ನಾನು ಬಾಗಿಲಲ್ಲೇ ನಿಂತೆ. ಮಾವ ನನ್ನ ಕಡೆ ತಿರುಗಿದರು. ಅವರಿಗೆ ಕಂಡದ್ದು ಬಾಗಿಲಲ್ಲಿ ಒಂದು ನೆರಳು ಅಷ್ಟೇ ಇರಬೇಕು, ಆದರೆ ಯಾರು ಅಂತ ಗೊತ್ತಾಗಿತ್ತು. ತೊಡೆಯ ಮೇಲಿದ್ದ ಬಾಚಿಯ ಬಾಯನ್ನು ಹೆಬ್ಬೆರಳಿನಿಂದ ಒಂದು ಸಲ ಸವರಿದರು.

"ಹೌದು" ಅಂದರು. "ಒಪ್ಪಿದೆ."

ಯಜಮಾನರು ಹೋದ ಮೇಲೆ ನಾನು "ಮಾವ" ಅಂದೆ.

"ಊಟ ಆಯ್ತಾ?" ಅಂದರು.

"ಇಲ್ಲ."

"ಹೋಗಿ ಮಾಡು."

ಅಷ್ಟೇ. ಬೈದಿದ್ದರೆ ಕಾಲು ಹಿಡಿದುಕೊಳ್ಳುತ್ತಿದ್ದೆ. ತಲೆಗೆ ಮೊಟಕಿದ್ದರೂ ಸಾಕಿತ್ತು. ಅವರು ಅದಾದ ಮೇಲೆ ನನ್ನ ತಲೆಗೆ ಯಾವತ್ತೂ ಮೊಟಕಲಿಲ್ಲ.

ತಮ್ಮ ಬಾಚಿ ಒಪ್ಪಿದೆ ಅಂತ ಊರ ಎದುರು ಆಗಿಹೋದ ಮೇಲೆ ಅವರು ಅದನ್ನು ನಡೆಸಲು ಹೊರಟರು. ಹೊಸ ಗೆರೆಯನ್ನು ಉಗುರಿನಿಂದ ಕಲಿತರು. ಹೊಸ ಅಳತೆಯ ಗುಂಭ ಕಡೆದರು. ಕೊಳವೆ ಕೂರಿಸುವ ಹೊತ್ತಿಗೆ ತೊಡಕಾಯಿತು. ನಾನು ದಿನಾ ಬೆಳಿಗ್ಗೆ ಹೋಗಿ "ನಾನು ನೋಡಿ ಹೇಳ್ತೀನಿ ಮಾವ, ಎಲ್ಲಿ ಬೆಳಕು ಕಾಣುತ್ತೆ ಅಂತ" ಅನ್ನುತ್ತಿದ್ದೆ. "ಬೇಡ, ನಿನ್ನ ಕೆಲಸ ನೋಡ್ಕೋ" ಅನ್ನುತ್ತಿದ್ದರು. ನನ್ನ ಕಣ್ಣನ್ನು ಅವರು ಇನ್ನು ನಂಬುವ ಹಾಗಿರಲಿಲ್ಲ. ನನಗೆ ತಿಳಿಯಿತು.

ಬದಲಾವಣೆ ಆದ ಮೇಲೆ ಪ್ರತಿ ಚಪ್ಪರದ ಮೊದಲ ಜೋಡಿ ಗಾಲಿಯನ್ನು ಕುಲುಮೆಗೆ ತಂದು ಅಚ್ಚಿಗೇರಿಸಿ ತಿರುಗಿಸಿ ನೋಡಬೇಕು. ಪುಷ್ಯ ಮಾಸದಲ್ಲಿ ಒಂದು ದಿನ ಮಾವ ತಮ್ಮ ಜೋಡಿ ಉರುಳಿಸಿಕೊಂಡು ಬಂದರು. ಯಜಮಾನರು ನನ್ನನ್ನೇ ಕರೆದು "ತಿರುಗಿಸಪ್ಪ, ನಿನ್ನ ಗುರುಗಳದು" ಅಂದರು. ತಿರುಗಿಸಿದೆ. ಎಡದ ಗಾಲಿ ಸರಿಯಾಗಿ ಸುತ್ತಿತು. ಬಲದ್ದು ಎರಡು ಸುತ್ತು ಬರುವಷ್ಟರಲ್ಲಿ ಅಲ್ಲಾಡಿತು. ಕೊಳವೆ ಒಂದು ಕಡೆ ವಾಲಿತ್ತು. ಇನ್ನೂ ನಾಲ್ಕು ಸುತ್ತು ಹೋದದ್ದೇ ಗುಂಭ ಟಪ್ ಅಂತ ಸೀಳಿತು. ಆ ಸದ್ದು ಎಲ್ಲರಿಗೂ ಕೇಳಿಸಿತು. ಬೀಟೆ ಹಲಗೆಗೆ ಸರಿಹೋಗದ ಗಾಲಿ ಬೀದಿಗೆ ಹೋಗುವ ಹಾಗಿಲ್ಲ.

"ಮರ ಹಸಿ ಇತ್ತೇನೋ ಚಾಚಾ" ಅಂದರು ಸಾಹೇಬರು, ಮೆಲ್ಲಗೆ.

"ಮರ ಸರಿಯಾಗೇ ಇತ್ತು" ಅಂದರು ಮಾವ.

ಸಂಕ್ರಾಂತಿಗೆ ಮಗಳು ಬಂದಳು, ಬೆಂಗಳೂರಿಗೆ ಕರೆದುಕೊಂಡು ಹೋಗಲು. ಅವರು ಬೆಂಗಳೂರು ಬೇಡ ಅಂದರು. ಚಪ್ಪರಕ್ಕೆ ತಡಿಕೆ ಕಟ್ಟಿ, ಅವಳ ಜೊತೆ ಭದ್ರಾವತಿಗೆ ಹೊರಟುಹೋದರು. ನಾನು ರೈಲಿನವರೆಗೆ ಗಂಟು ಹೊತ್ತುಕೊಂಡು ಹೋದೆ. ಅಕ್ಕ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದಳು: "ಅಪ್ಪ ಯಾಕೋ ಕಣ್ಣಿನ ಮಾತೇ ಎತ್ತಬೇಡ ಅಂತಾರಲ್ಲೋ, ಏನಾಯ್ತೋ ಇಲ್ಲಿ?" ನನಗೆ ಗೊತ್ತಿಲ್ಲ ಅಕ್ಕ ಅಂದೆ. ಹೇಳಬೇಕಾದದ್ದನ್ನು ನುಂಗಿದ್ದು ಇದು ಎರಡನೆಯ ಸಲ.

ಇತ್ತ ಹೊಸ ಗಾಲಿಗಳು ಚೆನ್ನಾಗಿ ಓಡಿದವು. ಇದನ್ನೂ ಹೇಳಬೇಕು. ಸಕ್ರೆಬೈಲಿನ ಕಡೆಯಿಂದ ದಿಮ್ಮಿ ಎಳೆಯುವವರು, ಭದ್ರಾವತಿಗೆ ಇದ್ದಿಲು ಹೊಡೆಯುವವರು ನಮ್ಮ ಏಳು ಚಪ್ಪರ ಹುಡುಕಿಕೊಂಡು ಬಂದರು. ಏಳಲ್ಲ, ಆರು. ಗಾಡಿಯವರು ನನ್ನ ಗುಂಭವನ್ನು ಹೊಗಳಿದಾಗಲೆಲ್ಲ ನನಗೆ ಆ ಸೀಳಿದ ಸದ್ದು ಕೇಳುತ್ತಿತ್ತು. ಕೆಲಸ ಕೆಟ್ಟಿದ್ದರೆ ಒಂದು ಸಮಾಧಾನ ಇರುತ್ತಿತ್ತೇನೋ. ಕೆಡಲಿಲ್ಲ.

ಮುಂದಿನ ದಸರೆಗೆ ಒಂದು ತಿಂಗಳು ಇರುವಾಗ ನಾನು ಉಳಿದ ಐದು ಚಪ್ಪರಕ್ಕೂ ಹೋಗಿ ಒಂದು ಬದಲಾವಣೆಯ ಮಾತು ತಂದಿದ್ದೇನೆ ಅಂದೆ. ಇನ್ನು ಮೇಲೆ ಯಾರೂ ಹತ್ಯಾರ ಕಳಿಸಬಾರದು, ತಾವೇ ಬಂದು ಕೈ ಇಡಬೇಕು. ಯಾಕೆ ಅಂತ ಕೇಳಿದರು. ಮಾತು ತಂದವನನ್ನು ಕೇಳಬಹುದು. ಹೇಳಿದೆ. ಎಲ್ಲರನ್ನೂ ಕುಲುಮೆಯ ಮುಂದೆ ಸೇರಿಸಿ ಎಲ್ಲ ಹೇಳಿದೆ, ಕಣ್ಣಿನ ಪೊರೆಯ ವಿಷಯವನ್ನೂ.

ಸಾಹೇಬರು ತಮ್ಮ ಅಂಗೈಯನ್ನೇ ನೋಡಿಕೊಂಡರು. ಆಮೇಲೆ ಎದ್ದು ಬಂದು ನನ್ನ ಎದುರು ನಿಂತರು.

"ನನ್ನ ಕೈಯಿಂದ ಮಾಡಿಸಿದೆಯಲ್ಲೋ, ಬೇಷರಮ್" ಅಂದರು. "ಚಾಚಾನ ಅನ್ನ ತಿಂದ ಬಾಯಿ ನಿಂದು. ನಾನು ಬಾಚಿ ಇಟ್ಟಾಗ ಆ ಬಾಯಿ ಎಲ್ಲಿತ್ತು?"

ನಾನು ಯಜಮಾನರನ್ನು ಕೇಳಿದೆ: "ಆ ಗೆರೆ ಅಳಿಸಬಹುದಾ ಯಜಮಾನ್ರೇ? ಒಂದು ವರ್ಷ ಹಿಂದಕ್ಕೆ?"

"ಬೀದಿ ತುಂಬ ಹೊಸ ಗಾಲಿ ಓಡ್ತಾ ಇದಾವೆ. ಗೆರೆ ಅಳಿಸಿದ್ರೆ ಅವು ಹಿಂದಕ್ಕೆ ಬರ್ತಾವಾ?" ಅಂದರು ಅವರು. ಸಿಟ್ಟಿರಲಿಲ್ಲ, ಸುಸ್ತಿತ್ತು. "ನೀನು ತಂದ ಹೊಸ ಮಾತಿಗಾದ್ರೂ ಅವನ ಕೈ ಬೇಕು. ಅವನು ಇನ್ನೂ ನಮ್ಮ ಏಳರಲ್ಲಿ ಒಬ್ಬ. ಹಲಗೆ ತಗೊಂಡು ಹೋಗು."

"ಒಬ್ಬನೇ ಹೋಗೋದು ಬೇಡ" ಅಂದರು ಸಾಹೇಬರು. "ನಾನೂ ಬರ್ತೀನಿ. ಈ ಸಲ ಚಾಚಾ ಏನಂತಾರೆ ಅಂತ ನನ್ನ ಕಿವಿಯಿಂದ ಕೇಳ್ತೀನಿ."

ದಶಮಿಯ ಮಾರನೆಯ ದಿನ ಹಲಗೆಗೆ ಗೋಣಿ ಸುತ್ತಿ ರೈಲು ಹತ್ತಿದೆವು. "ಏನ್ರೀ ಅದು, ಹೆಣಾನಾ?" ಅಂತ ಒಬ್ಬ ತಮಾಷೆ ಮಾಡಿದ. ಸಾಹೇಬರು ಹಲಗೆಯನ್ನು ತಮ್ಮ ಕಡೆಗೆ ಎಳೆದುಕೊಂಡರು.

ಅಕ್ಕನ ಗಂಡ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಸಾಲು ಮನೆಗಳಲ್ಲಿ ಒಂದು ಅವರದು. ಅಕ್ಕಪಕ್ಕದಲ್ಲಿ ತಮಿಳು, ತೆಲುಗು. ಮಾವ ಜಗಲಿಯ ಮೇಲೆ ಕೂತು ನೆರೆಮನೆಯ ಹೆಂಗಸಿನ ತೊಗರಿಬೇಳೆ ಆರಿಸಿಕೊಡುತ್ತಿದ್ದರು, ಬೆರಳಿನಿಂದಲೇ. ಕಲ್ಲು ಒಂದೂ ತಪ್ಪುತ್ತಿರಲಿಲ್ಲವಂತೆ. ಮೈ ಇಳಿದುಹೋಗಿತ್ತು. ನಮ್ಮ ಹೆಜ್ಜೆ ಕೇಳಿ ತಲೆ ಎತ್ತಿದರು. ಕಣ್ಣು ಎರಡೂ ಹಾಲು ಬೆರೆಸಿದ ಹಾಗೆ ಬೆಳ್ಳಗೆ.

ನಾನು ಕಾಲು ಮುಟ್ಟಿ "ತಪ್ಪಾಯ್ತು ಮಾವ" ಅಂದೆ. ಒಂದು ವರ್ಷ ಬೇಕಾಯಿತು ಆ ಮಾತಿಗೆ.

"ಆಯ್ತು, ಏಳು" ಅಂದರು. "ಗಾಲಿ ಚೆನ್ನಾಗಿ ಓಡ್ತಾವಾ?"

"ಓಡ್ತಾವೆ ಮಾವ."

"ಹೂಂ. ಇಲ್ಲಿ ರಸ್ತೇಲಿ ಹೋಗ್ತಾವೆ, ಕೇಳ್ತೀನಿ. ಹಳೇ ಗಾಲಿ ಹಾಗೆ ಕಿರುಗುಟ್ಟಲ್ಲ."

ಸಾಹೇಬರು ಹಲಗೆ ಬಿಚ್ಚಿ ಅವರ ಮುಂದಿಟ್ಟರು. ನನ್ನ ಮಾತನ್ನು ಅವರೇ ಹೇಳಿದರು. ಇನ್ನು ಹತ್ಯಾರ ಕಳಿಸುವ ಹಾಗಿಲ್ಲ ಚಾಚಾ, ಬಂದೇ ಕೈ ಇಡಬೇಕು, ಯಾರೂ ಹೀಗೆ ಮೋಸ ಮಾಡಬಾರದು ಅಂತ ಇವನು ತಂದಿದ್ದಾನೆ. ಉಳಿದ ಐವರದು ಒಪ್ಪಿಗೆ ಇದೆ.

ಮಾವ ಬೆರಳಿನಿಂದ ಗೆರೆಗಳನ್ನು ಮೇಲಿಂದ ಕೆಳಗೆ ಎಣಿಸಿದರು. ಅಡ್ಡ ಹೊಡೆದ ಹಳೆಯ ಗೆರೆಯ ಹತ್ತಿರ ಬೆರಳು ಸ್ವಲ್ಪ ಹೊತ್ತು ನಿಂತಿತು.

"ಬರೋಕಾಗದವನು ಏನು ಮಾಡ್ಬೇಕು?" ಅಂತ ಕೇಳಿದರು.

ನಾನು ಅದನ್ನು ಯೋಚಿಸಿರಲೇ ಇಲ್ಲ.

"ನಾನು ಶಿವಮೊಗ್ಗಕ್ಕೆ ಬರೋಕಾಗುತ್ತಾ? ಈ ಜಗಲಿ ಇಳೀಬೇಕಾದ್ರೆ ಮೊಮ್ಮಗಳು ಕೈ ಹಿಡೀಬೇಕು. ಒಬ್ಬ ಸುಳ್ಳು ಹೇಳ್ದ ಅಂತ ಕುರುಡರ ಬಾಯಿ ಕಟ್ಟಿಸ್ತೀರಾ?"

"ಚಾಚಾ, ಕಾರಣ ಹೇಳ್ಬೇಕಾಗಿಲ್ಲ" ಅಂದರು ಸಾಹೇಬರು.

"ಗೊತ್ತಪ್ಪ. ನಲವತ್ತು ವರ್ಷದಲ್ಲಿ ಒಂದು ಸಲಾನೂ ಬೇಡ ಅಂದವನಲ್ಲ ನಾನು. ಒಂದು ಸಲ ಅನ್ನೋಣ ಅಂತಿದ್ದೆ, ಆಗ್ಲಿಲ್ಲ. ಈಗ ಅಂತೀನಿ." ಕೈಯನ್ನು ಹಲಗೆಯಿಂದ ಎತ್ತಿ ನೆಲದ ಮೇಲೆ ಅಗಲವಾಗಿ ಇಟ್ಟರು. "ಬೇಡ."

ಆಮೇಲೆ ನನ್ನ ಕಡೆ ಮುಖ ತಿರುಗಿಸಿದರು. "ನೀನು ಆವತ್ತು ಸರಿಯಾಗಿ ಹೇಳಿದ್ರೆ ಎಲ್ಲರೂ ನನ್ನ ಬೈತಿದ್ರು. ಮುದುಕ ಅಡ್ಡ ಮಲಗ್ದ ಅಂತಿದ್ರು. ಬೈಸ್ಕೊಂಡು ಕಣ್ಣು ಮಾಡಿಸ್ಕೊಂಡು ಬರ್ತಿದ್ದೆ."

"ಈಗ್ಲೂ ಆಗುತ್ತೆ ಮಾವ. ನಾನು ಕರ್ಕೊಂಡು ಹೋಗ್ತೀನಿ. ನಾಳೇನೇ ಬೆಂಗಳೂರಿಗೆ ಹೋಗೋಣ."

"ಯಾವ ಕೆಲಸಕ್ಕೆ?" ಅಂದರು.

ಅಕ್ಕ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿದ್ದಳು. ನಮಗೆ ಕಾಫಿ ತಂದುಕೊಟ್ಟಳು. ಸಾಹೇಬರ ಲೋಟ ಕೈಗೆ ಕೊಟ್ಟಳು, ನನ್ನದನ್ನು ಜಗಲಿಯ ಮೇಲಿಟ್ಟು ಒಳಗೆ ಹೋದಳು. ಚಿಕ್ಕಂದಿನಿಂದ ನನ್ನನ್ನು ತಮ್ಮ ಅಂದವಳು. ಆ ಕಾಫಿ ಆರಿಹೋಯಿತು.

ಮಾವನ ಬೇಡವನ್ನು ನಾವು ವರ್ಷ ಪೂರ್ತಿ ಪಾಲಿಸಿದೆವು. ಹತ್ಯಾರ ಕಳಿಸುವ ಪದ್ಧತಿ ಹಾಗೇ ಇತ್ತು. ನಾನು ಆ ವರ್ಷ ನಾಲ್ಕೈದು ಸಲ ಭದ್ರಾವತಿಗೆ ಹೋದೆ. ಪ್ರತಿ ಸಲವೂ ಕಣ್ಣಿನ ಮಾತು ಎತ್ತಿದೆ. ಅವರು ಮಳೆಯ ಮಾತು, ಮೊಮ್ಮಗಳ ಮಾತು ಎತ್ತಿದರು. ಆಷಾಢದಲ್ಲಿ ಮಾವ ತೀರಿಕೊಂಡ ಸುದ್ದಿ ಬಂತು. ನಾವು ಆರು ಜನ ಹೋಗುವ ಹೊತ್ತಿಗೆ ಹೊಳೆ ತುಂಬಿ, ಸೌದೆ ಎಲ್ಲ ಒದ್ದೆಯಾಗಿತ್ತು. ಯಜಮಾನರು ತಾವೇ ಕೂತು ಬೆಂಕಿ ಹಿಡಿಸಿದರು.

ಆ ದಸರೆಗೆ ಕುಲುಮೆಯಲ್ಲಿ ಸೇರಿದಾಗ ಹಿಂದಿನ ವರ್ಷ ಮಲಗಿದ್ದ ಮಾತು ತಾನಾಗಿ ಎದ್ದಿತು. ಬೇಡ ಅಂದವರ ವರ್ಷ ಮುಗಿದಿತ್ತು. ಸಾಹೇಬರು ಕೈ ಇಟ್ಟರು. ಉಳಿದವರೂ ಇಟ್ಟರು. ಐದು ಕೈ ಆದವು. ಎಲ್ಲರೂ ನನ್ನ ಕಡೆ ನೋಡಿದರು.

ನಾನು ಕೈಯನ್ನು ನೆಲದ ಮೇಲಿಟ್ಟೆ.

"ಏನೋ ಇದು? ನೀನೇ ತಂದ ಮಾತಲ್ವೇನೋ?" ಅಂದರು ಒಬ್ಬರು.

"ಕಾರಣ ಕೇಳ್ಬಾರ್ದು" ಅಂದರು ಯಜಮಾನರು.

ನನಗೂ ಒಂದು ಬೇಡ ಇತ್ತು, ಒಂದು ವರ್ಷದ್ದು; ಮಾವನ ಬೇಡ ಮುಗಿದ ಕಡೆ ಅದನ್ನು ಇಟ್ಟೆ. ಅದು ನಾನು ಅವರಿಂದ ಕಿತ್ತುಕೊಂಡಿದ್ದ ವರ್ಷದಷ್ಟೇ ಉದ್ದ. ಆದರೆ ಅದನ್ನು ತೆಗೆದುಕೊಂಡು ಬೆಂಗಳೂರಿಗೆ ಹೋಗಿ ಕಣ್ಣು ಮಾಡಿಸಿಕೊಂಡು ಬರುವವರು ಯಾರೂ ಇರಲಿಲ್ಲ. ಸಾಹೇಬರು ಹಲಗೆಯ ಮೇಲಿಂದ ತಮ್ಮ ಕೈ ತೆಗೆದು, ಪಂಚೆಗೆ ಒರೆಸಿಕೊಂಡು, ನನ್ನ ಪಕ್ಕ ಬಂದು ಕೂತರು. ಹೊರಗೆ ಗಾಡಿಯವನೊಬ್ಬ ಎತ್ತು ಬಿಚ್ಚಿ ಕೂಗುತ್ತಿದ್ದ, ಗಾಲಿ ಬೇಕಿತ್ತು ಅಂತ.